ಮುಸುಕಿನ ಜೋಳದ ಅರಳು

ಕಳೆದ ಮಳೆಗಾಲದ ಒಂದು ಸಂಜೆ ಬಂಗಾರಪೇಟೆಯ ಬಜಾರಿನಿಂದ ಮನೆಗೆ ಹಿಂದಿರುಗುವಾಗ ಮಕ್ಕಳ ಹಠಕ್ಕೆ ಕಟ್ಟುಬಿದ್ದು ಒಂದು ಪೊಟ್ಟಣ ಪಾಪ್‌ಕಾರ್ನ್ ಕಾಳನ್ನು ಕೊಂಡುತಂದೆ. ಪೊಟ್ಟಣ ಎಷ್ಟು ಕಾಲದಿಂದ ಅಂಗಡಿಯಲ್ಲಿ ತಪಸ್ಸು ಮಾಡುತ್ತಿತ್ತೋ ದೇವರೇ ಬಲ್ಲ. ಒಲೆಯ ಮೇಲೆ ಬಾಣಲೆ ಇಟ್ಟು, ಬೆಣ್ಣೆ ಕರಗಿಸಿ, ಕಾಳು ಸುರಿದು, ಮುಚ್ಚಳ ಮುಚ್ಚಿ ಎಲ್ಲರೂ ಕಿವಿಗೊಟ್ಟು ನಿಂತೆವು. ಬೆಣ್ಣೆ ಕಪ್ಪಾಗಿ ಕಮರು ವಾಸನೆ ನಡುಮನೆಯವರೆಗೆ ಬಂದಿತೇ ಹೊರತು ಅರಳಿದ್ದು ಒಂದು ಹಿಡಿಯಷ್ಟು ಮಾತ್ರ. ಉಳಿದದ್ದು ಕಲ್ಲಿನಂತಹ ಕರಿ ಕಾಳು. ಮಗಳು ಒಲೆಯನ್ನು ದೂರಿದಳು, ಅವಳ ತಾಯಿ ನನ್ನನ್ನು ದೂರಿದಳು.

ನಮ್ಮ ತಾಯಿ ಮಾತ್ರ ಪೊಟ್ಟಣದಲ್ಲಿ ಮಿಕ್ಕಿದ್ದ ಕಾಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. “ಕಾಳು ಒಣಗೋಗೈತೆ ಕಣಪ್ಪ. ರಾಗೀಗೆ ನೀರು ತೋರಿಸ್ದೆ ಹುರಿದ್ರೆ ಅರಳ್ತದಾ?” ಎಂದರು. ಕಾಳನ್ನು ಬಿಗಿಮುಚ್ಚಳದ ಡಬ್ಬಿಗೆ ಹಾಕಿ, ಒಂದು ಚಮಚ ನೀರು ಚಿಮುಕಿಸಿ, ಹೊತ್ತಾರೆ ಸಂಜೆ ಕುಲುಕುತ್ತ ಮೂರು ದಿನ ಇಟ್ಟರು. ನಾಲ್ಕನೆಯ ದಿನ ಅದೇ ಕಾಳು ಬಾಣಲೆಯ ಮುಚ್ಚಳವನ್ನೇ ಎತ್ತುವಂತೆ ಅರಳಿತು.

ಅಮೆರಿಕದ ಕಾಳಿನ ಮರ್ಮ ಕೋಲಾರ ಸೀಮೆಯ ಮುದುಕಿಗೆ ತಿಳಿದದ್ದು ಹೇಗೆ? ಈ ಲೇಖನಕ್ಕೆ ಈ ಪ್ರಶ್ನೆಯೇ ಕಾರಣ.

ಮೊದಲು ಕಾಳಿನ ಸಂಗತಿ. ಪಾಪ್‌ಕಾರ್ನ್ ಎಂಬುದು ಮುಸುಕಿನ ಜೋಳದ್ದೇ ಒಂದು ಒಳಜಾತಿ. ಗಾತ್ರ ಸಣ್ಣದು, ಸಿಪ್ಪೆ ಗಟ್ಟಿ, ಒಳಗಿನ ಪಿಷ್ಟವೂ ಗಾಜಿನಂತೆ ಬಿಗಿ. ಕಾಳಿನಲ್ಲಿ ನೂರಕ್ಕೆ ಸುಮಾರು 14 ಪಾಲು ನೀರು ಇರುತ್ತದೆ. ಕಾವು ಏರಿದಂತೆ ಆ ನೀರು ಆವಿಯಾಗಲು ತವಕಿಸುತ್ತದೆ, ಸಿಪ್ಪೆ ಬಿಡುವುದಿಲ್ಲ. ಸುಮಾರು 180 ಡಿಗ್ರಿ ಸೆಂಟಿಗ್ರೇಡ್ ಮುಟ್ಟುವ ವೇಳೆಗೆ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಒಂಬತ್ತರಷ್ಟಾಗಿ ಸಿಪ್ಪೆ ಬಿರಿಯುತ್ತದೆ. ಮೆತ್ತಗಾಗಿದ್ದ ಪಿಷ್ಟ ನೊರೆಯಾಗಿ ಉಬ್ಬಿ, ಹೊರಗಿನ ತಂಪು ತಗಲಿದೊಡನೆ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ನೀರು ಕಡಮೆಯಾದರೆ ಒತ್ತಡವಿಲ್ಲ, ಸಿಪ್ಪೆ ಸೀಳಿದ್ದರೆ ಆವಿ ನಿಲ್ಲುವುದಿಲ್ಲ. ಹೊಲದ ಸಾಮಾನ್ಯ ಮುಸುಕಿನ ಜೋಳವನ್ನು ಎಷ್ಟು ಹುರಿದರೂ ಅದು ಹುರಿಗಾಳಾಗುತ್ತದೆ, ಹೂವಾಗುವುದಿಲ್ಲ.

ಇದೇ ಪಾಠವನ್ನು ನಮ್ಮ ಹೆಂಗಸರು ರಾಗಿಯಿಂದ ಕಲಿತಿದ್ದರು. ಹುರಿಹಿಟ್ಟು ಮಾಡುವ ದಿನವೆಂದರೆ ನನ್ನ ಬಾಲ್ಯದಲ್ಲಿ ಒಂದು ಸಣ್ಣ ಹಬ್ಬ. ಹಿಂದಿನ ದಿನವೇ ರಾಗಿಯನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಬೇಕು. ನೀರಿಗೆ ಬದಲು ತೆಳು ಮಜ್ಜಿಗೆ ಚಿಮುಕಿಸುವವರೂ ಉಂಟು. ಮರುದಿನ ನೆರಳಿನಲ್ಲಿ ಹರವಿ, ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿಸಿ, ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕುತ್ತ ಬಟ್ಟೆ ಸುತ್ತಿದ ಕೋಲಿನಿಂದ ಬಿರುಸಾಗಿ ಆಡಿಸಬೇಕು. ಕಂದು ರಾಗಿ ಬಿಳಿಯ ಚುಕ್ಕೆಗಳಾಗಿ ಸಿಡಿದು ಗೋಡೆಗೂ ಹಾರುತ್ತಿತ್ತು. ಆ ಘಮ ಬೀದಿಯ ಕೊನೆಯವರೆಗೆ. ಬೀಸುವ ಕಲ್ಲಿಗೆ ಹಾಕಿ ಬೀಸಿ, ಬೆಲ್ಲ, ಕಾಯಿತುರಿ, ಕೈಗೆ ಬಂದರೆ ತುಪ್ಪ. ಇಲ್ಲದಿದ್ದರೆ ಬರಿ ಬಿಸಿನೀರು. ಎಷ್ಟು ಹೊತ್ತು ಕಟ್ಟಿಡಬೇಕು, ಎಷ್ಟು ಒಣಗಿಸಬೇಕು ಎಂಬುದಕ್ಕೆ ಗಡಿಯಾರವೂ ಇಲ್ಲ, ತಕ್ಕಡಿಯೂ ಇಲ್ಲ. ಎಲ್ಲವೂ ಬೆರಳ ತುದಿಯ ಲೆಕ್ಕ.

ಹೆಸರಿನ ವಿಚಾರವನ್ನು ಕನ್ನಡದ ಮೇಷ್ಟರಾದವನು ಬಿಟ್ಟರೆ ಹೇಗೆ? ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ, ಚಿನ್ನದ ಗಣಿಗಾಗಿ 1894ರಲ್ಲಿ ಹಾಕಿದ 16 ಕಿಲೋಮೀಟರಿನ ರೈಲುದಾರಿಯಲ್ಲಿ ಒಮ್ಮೆ ಕುಳಿತು ಹೋದರೆ ಮೂರು ಭಾಷೆ ಕಿವಿಗೆ ಬೀಳುತ್ತದೆ. ಅರಳಿದ ಧಾನ್ಯಕ್ಕೆ ತಮಿಳರು ಪೊರಿ ಎನ್ನುತ್ತಾರೆ. ಅವರಲ್ಲಿ ಪೊರಿ ಎಂದರೆ ಹುರಿಯುವುದು. ತೆಲುಗರು ಪೇಲಾಲು ಎನ್ನುತ್ತಾರೆ. ಪೇಲು ಎಂದರೆ ಸಿಡಿ, ಸ್ಫೋಟಿಸು. ಇಂಗ್ಲಿಷಿನವನ ಪಾಪ್ ಕೂಡ ಬರಿಯ ಸದ್ದು. ಕನ್ನಡವೊಂದು ಸದ್ದನ್ನೂ ಬೆಂಕಿಯನ್ನೂ ಬಿಟ್ಟು ಹೂವನ್ನು ಕಂಡಿತು. ಮಲ್ಲಿಗೆಯೂ ಅರಳುತ್ತದೆ, ಭತ್ತವೂ ಅರಳುತ್ತದೆ. ಹೂವೆಂಬ ಅರ್ಥದ ಹಳಗನ್ನಡದ ಅಲರ್ ಇದೇ ಬಳಗದ್ದು. ಮದುವೆಯ ಲಾಜಾಹೋಮದಲ್ಲಿ ಮದುಮಗಳ ಬೊಗಸೆಗೆ ಅವಳ ಸೋದರ ಹಾಕುವುದು ಭತ್ತದ ಅರಳು. ಉತ್ತರ ಕರ್ನಾಟಕದ ನಾಗರ ಪಂಚಮಿಗೆ ಬೇಕಾದದ್ದು ಜೋಳದ ಅರಳು. ನಮ್ಮ ಕಡೆ ಹೆಣದ ಮುಂದೆ ದಾರಿಯುದ್ದಕ್ಕೂ ಚೆಲ್ಲುವುದು ಪುರಿ. ಹುಟ್ಟಿದ್ದಕ್ಕಲ್ಲದಿದ್ದರೂ ಕೂಡಿದ್ದಕ್ಕೂ ಹೋದದ್ದಕ್ಕೂ ಉಬ್ಬಿದ ಧಾನ್ಯವೇ ಸಾಕ್ಷಿ. ಇಷ್ಟು ಹಳೆಯ ಮಾತು ಮನೆಯಲ್ಲಿರುವಾಗ ತರಗತಿಯಲ್ಲಿ ‘ಮುಸುಕಿನ ಜೋಳದ ಅರಳು’ ಎಂದರೆ ಹುಡುಗರು ನಗುತ್ತಾರೆ. ನಗಲಿ. ಬೌರಿಂಗ್ ದೊರೆಯ ಹೆಸರಿನ ಬೌರಿಂಗ್‌ಪೇಟೆಯೇ ಜನರ ಬಾಯಲ್ಲಿ ಬಂಗಾರಪೇಟೆಯಾಗಿ ಉಳಿದಿಲ್ಲವೇ?

ಆದರೆ ಮಾತು ಹಳೆಯದೆಂದು ಕಾಳೂ ಹಳೆಯದೆನ್ನಲಾಗದು. ಈ ಎಚ್ಚರಿಕೆ ಅಗತ್ಯ. ಹಳಗನ್ನಡ ಓದಿದವರಿಗೆ ಜೋಳವಾಳಿ ಎಂಬ ಮಾತು ಗೊತ್ತು. ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡುವ ವೀರನ ಮಾತು ಅದು. ಅಲ್ಲಿನ ಜೋಳ ಬಿಳಿಜೋಳದ ಕುಲದ್ದು, ಮುಸುಕಿನದಲ್ಲ. ಮುಸುಕಿನ ಜೋಳದ ತವರು ಮೆಕ್ಸಿಕೊ. ಅಲ್ಲಿನ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಸುಮಾರು 9000 ವರ್ಷಗಳ ಹಿಂದೆ ಅದನ್ನು ಪಳಗಿಸಿದರು. ಆ ಹುಲ್ಲಿನ ಕಾಳಿನ ಕವಚವಾದರೋ ಹಲ್ಲು ಮುರಿಯುವಂತಹುದು. ಇದನ್ನು ಯಾರು ಏಕೆ ತಿನ್ನತೊಡಗಿದರು ಎಂಬ ಸಂಶಯಕ್ಕೆ, ಮುಂದೆ 1958ರಲ್ಲಿ ನೊಬೆಲ್ ಬಹುಮಾನ ಪಡೆದ ಜಾರ್ಜ್ ಬೀಡಲ್ 1939ರಲ್ಲಿ ಒಂದು ಉತ್ತರ ಕೊಟ್ಟರು: ಕಾಯಿಸಿದರೆ ಆ ಕಾಡುಕಾಳೂ ಅರಳುತ್ತದೆ. ಅಂದಮೇಲೆ ರೊಟ್ಟಿಗಿಂತ ಮೊದಲು ಅರಳು ಬಂದಿರಬಹುದು. ಪೆರು ದೇಶದ ಕಡಲತೀರದ ಹಳೆಯ ನೆಲೆಗಳಲ್ಲಿ ಸಿಕ್ಕ, 2012ರಲ್ಲಿ ಪ್ರಕಟವಾದ, ಸುಮಾರು 6700 ವರ್ಷ ಹಿಂದಿನ ತೆನೆಗಳಲ್ಲಿ ಅರಳಿನ ಜಾತಿಯವೂ ಇದ್ದುವು.

ಇಲ್ಲಿ ನಮ್ಮ ಸೋಮನಾಥಪುರವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 13ನೆಯ ಶತಮಾನದ ಆ ಹೊಯ್ಸಳ ಗುಡಿಯ ವಿಗ್ರಹಗಳು ಕೈಯಲ್ಲಿ ಹಿಡಿದಿರುವುದು ಮುಸುಕಿನ ಜೋಳದ ತೆನೆಯೆಂದು ಜೊಹಾನೆಸೆನ್, ಪಾರ್ಕರ್ ಎಂಬಿಬ್ಬರು ವಿದ್ವಾಂಸರು 1989ರಲ್ಲಿ ವಾದಿಸಿದರು. ಕೊಲಂಬಸನಿಗಿಂತ ಮೊದಲೇ ಕಾಳು ಕನ್ನಡನಾಡಿಗೆ ಬಂದಿತ್ತೆಂದು ಅದರ ತಾತ್ಪರ್ಯ. ಕೇಳಲು ಬಹಳ ಇಂಪು. 1993ರಲ್ಲಿ ಪಯಕ್ ಮತ್ತು ಸಚನ್ ಎಂಬ ಭಾರತೀಯ ವಿಜ್ಞಾನಿಗಳು ಇದನ್ನು ಅಲ್ಲಗಳೆದು, ಅದು ಮುತ್ತು ಜೋಡಿಸಿದಂತಿರುವ ಮುಕ್ತಾಫಲವೆಂಬ ಕಲ್ಪನೆಯ ಹಣ್ಣು ಎಂದರು. ನನ್ನ ಮನಸ್ಸು ಎರಡನೆಯವರ ಕಡೆಗೆ. ನಿತ್ಯದ ಆಹಾರವಾಗಿದ್ದ ಬೆಳೆ ಗುಡಿಯ ಕಲ್ಲಿನಲ್ಲಿ ಮಾತ್ರ ಉಳಿದು, ಒಲೆಯ ಬೂದಿಯಲ್ಲೂ ಕವಿಯ ಬಾಯಲ್ಲೂ ಇಲ್ಲವಾಗುವುದು ಅಸಹಜ. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಬಂತೆಂಬ ಬಹುಜನರ ಮತವೇ ನನಗೂ ಒಪ್ಪಿಗೆ. ಬಂದ ಮೇಲೆ ತೆನೆಯ ಹೊದಿಕೆ ನೋಡಿ ಹಳೆಯ ಮೈಸೂರಿನವರು ಮುಸುಕು ಎಂದರು, ಧಾರವಾಡದ ಕಡೆಯವರು ಗೋವಿನಜೋಳ ಎಂದರು.

ಬೆಣ್ಣೆ ಉಪ್ಪಿನ ಮೋಹ ಇನ್ನೂ ಈಚಿನದು. 1893ರ ಚಿಕಾಗೊ ಪ್ರದರ್ಶನದಲ್ಲಿ ಚಾರ್ಲ್ಸ್ ಕ್ರೀಟರ್ಸ್ ಎಂಬಾತ ಹಬೆಯಿಂದ ನಡೆಯುವ ಅರಳುಯಂತ್ರವನ್ನು ತಂದಿಟ್ಟ. ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅದೇ ವರ್ಷ, ಅದೇ ಊರಿನಲ್ಲಿ. 1930ರ ದಶಕದ ಮುಗ್ಗಟ್ಟಿನಲ್ಲಿ ಅಮೆರಿಕದ ಬಡವನಿಗೆ ಕೈಗೆಟುಕಿದ ಸುಖವೆಂದರೆ ಐದು ಹತ್ತು ಸೆಂಟಿನ ಈ ಅರಳಿನ ಪೊಟ್ಟಣ. ಸಿನಿಮಾ ಮಂದಿರಗಳು ಅದರಿಂದ ಬದುಕಿಕೊಂಡುವು.

ಮುಗ್ಗಟ್ಟಿನ ಮಾತು ಬಂದಾಗ ನಮ್ಮ ಮನೆಯದೂ ನೆನಪಾಗುತ್ತದೆ. ನಮ್ಮ ತಂದೆ ಗಣಿಯಲ್ಲಿ ದುಡಿದವರು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಬಂದ ಊರು ಅದು, ಆದರೆ ನಮ್ಮ ಅಡಿಗೆಮನೆಯಲ್ಲಿ ಉರಿದದ್ದು ಸೀಮೆಎಣ್ಣೆ ಸ್ಟೌ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆಯೇ ಸುಡುತ್ತದೆ. ಮೇಲಿನ ಭಾರ ತಾಳದೆ ಆಗಾಗ ಬಂಡೆ ಸಿಡಿಯುತ್ತಿತ್ತು, ಮೇಲೆ ಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದುವು. ಆಗ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒತ್ತಡ, ಬಿಗಿತ, ಸಿಡಿತ, ಈ ಮೂರನ್ನೂ ಬಾಣಲೆಯಲ್ಲಿ ನೋಡಿ ನಾವು ನಗುತ್ತೇವೆ. ಬಾಣಲೆ ಚಟಪಟ ಎನ್ನುವಾಗ ಅವರು ಇಂದಿಗೂ ಅಷ್ಟಾಗಿ ನಗುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಾನಾಗ ವಿದ್ಯಾರ್ಥಿ. ಅನೇಕರು ಮಾರಿಕುಪ್ಪದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಆ ವರ್ಷ ನಮ್ಮ ಮನೆಯ ಬೆಳಗಿನ ತಿಂಡಿ ಎಂದರೆ ಹುರಿಹಿಟ್ಟು. ಬೆಲ್ಲವನ್ನು ಅಮ್ಮ ತಮ್ಮ ಪಾಲಿಗೆ ಹಾಕಿಕೊಳ್ಳುತ್ತಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇಂದು ಅದೇ ಹಿಟ್ಟನ್ನು ಮಾಲ್ಟ್ ಎಂಬ ಹೆಸರಿನ ಬಣ್ಣದ ಡಬ್ಬಿಗಳ ಪಕ್ಕದಲ್ಲಿಟ್ಟು ಮಾರುವುದನ್ನು ಕಂಡು ಅವರು ಬೆಲೆ ಕೇಳಿ ಸುಮ್ಮನಾಗುತ್ತಾರೆ.

ಇನ್ನು ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ನಮ್ಮ ಮೊದಲನೆಯ ತಪ್ಪು ಒಣಕಾಳು, ಎರಡನೆಯದು ಬೆಣ್ಣೆ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು, ಜೊತೆಗೆ ಹಾಲಿನ ಅಂಶ. ಕಾಳು ಅರಳುವ ಕಾವಿಗೆ ಮುಂಚೆಯೇ ಆ ಹಾಲಿನ ಅಂಶ ಹೊತ್ತುತ್ತದೆ. ಅರಳಿದ ಮೇಲೆ ಸುರಿದರೆ ಅದರ ನೀರು ತಗಲಿ ಅರಳು ಮೆತ್ತಗಾಗುತ್ತದೆ. ಆದ್ದರಿಂದ ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿಕೊಳ್ಳುವುದೇ ಉಪಾಯ. ದಪ್ಪ ತಳದ ಪಾತ್ರೆಯಲ್ಲಿ ಎರಡು ಮೂರು ಚಮಚ ತುಪ್ಪ ಕಾಯಿಸಿ ಮೂರೇ ಕಾಳು ಹಾಕಿ ನೋಡಬೇಕು. ಅವು ಅರಳಿದ ಮೇಲೆ ತಳ ಮುಚ್ಚುವಷ್ಟು ಕಾಳು. ಮುಚ್ಚಳ ಕೊಂಚ ಓರೆಯಾಗಿದ್ದರೆ ಆವಿ ಹೋಗಿ ಅರಳು ಗರಿಗರಿಯಾಗುತ್ತದೆ. ಪಾತ್ರೆಯನ್ನು ಅಲುಗಿಸುತ್ತಿರಬೇಕು. ಸದ್ದಿನ ನಡುವೆ ಎರಡು ಮೂರು ಸೆಕೆಂಡು ಬಿಡುವು ಬಿದ್ದೊಡನೆ ಇಳಿಸಬೇಕು. ಉಪ್ಪು ನುಣ್ಣಗಿದ್ದಷ್ಟೂ ಹಿಡಿಯುತ್ತದೆ.

ಆ ನಾಲ್ಕನೆಯ ದಿನ ಮಕ್ಕಳು ಬಟ್ಟಲು ತುಂಬಿಕೊಂಡು ಓಡಿದರು. ಹಲ್ಲು ಗಟ್ಟಿಯಿಲ್ಲದ ಅಮ್ಮ ಉಪ್ಪು ಸೋಕದ ಒಂದು ಹಿಡಿ ಅರಳನ್ನು ಬೇರೆ ತೆಗೆಸಿ, ಮಿಕ್ಸಿಯಲ್ಲಿ ಪುಡಿ ಮಾಡಿಸಿ, ಬೆಲ್ಲ ಹಾಲು ಕಲಸಿ ಉಂಡೆ ಕಟ್ಟಿದರು. ಮೆಕ್ಸಿಕೊದವರೂ ಹುರಿದ ಜೋಳದ ಹಿಟ್ಟನ್ನು ಪಿನೊಲೆ ಎಂಬ ಹೆಸರಿನಿಂದ ಹೀಗೆಯೇ ತಿನ್ನುತ್ತಾರೆಂದು ನಾನು ಹೇಳಿದೆ. ಅವರು ಒಂದು ಚೂರು ಬಾಯಿಗಿಟ್ಟು, “ಪರವಾಗಿಲ್ಲ ಕಣಪ್ಪ, ರಾಗಿಯಷ್ಟು ಘಮ ಇಲ್ಲ” ಎಂದರು.