ಫ್ಯಾಂಟಸಿ ಕಾದಂಬರಿಗಳಲ್ಲಿ ಕ್ರೈಸ್ತ ನಂಬಿಕೆ: ಟೋಲ್ಕಿನ್, ಲೂಯಿಸ್, ಪುಲ್‌ಮನ್

ಇಂಗ್ಲಿಷ್ ಫ್ಯಾಂಟಸಿಯ ದಿಕ್ಕು ಬದಲಿಸಿದ ಜೆ.ಆರ್.ಆರ್. ಟೋಲ್ಕಿನ್ ಮತ್ತು ಸಿ.ಎಸ್. ಲೂಯಿಸ್ ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಗೆಳೆಯರು. ಟೋಲ್ಕಿನ್ ಚಿಕ್ಕಂದಿನಿಂದಲೂ ಕ್ಯಾಥೊಲಿಕ್. ನಾಸ್ತಿಕರಾಗಿದ್ದ ಲೂಯಿಸ್ 1931ರಲ್ಲಿ ಕ್ರೈಸ್ತ ನಂಬಿಕೆಗೆ ಮರಳಿದ್ದರ ಹಿಂದೆ, ಒಂದು ರಾತ್ರಿ ಟೋಲ್ಕಿನ್ ಮತ್ತು ಹ್ಯೂಗೋ ಡೈಸನ್ ಜತೆ ಪುರಾಣಗಳ ಕುರಿತು ನಡೆದ ಸುದೀರ್ಘ ಮಾತುಕತೆಯಿದೆ. ಆದರೆ ನಂಬಿಕೆಯನ್ನು ಕಥೆಯೊಳಕ್ಕೆ ತರುವ ದಾರಿಯಲ್ಲಿ ಇಬ್ಬರೂ ಬೇರೆಯಾದರು.

ಟೋಲ್ಕಿನ್: ಚರ್ಚಿಲ್ಲದ ಲೋಕ

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕಾದಂಬರಿಯಲ್ಲಿ ಚರ್ಚಿಲ್ಲ, ಪಾದ್ರಿಗಳಿಲ್ಲ, ಪೂಜೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ 1953ರಲ್ಲಿ ಜೆಸ್ವಿಟ್ ಗೆಳೆಯ ರಾಬರ್ಟ್ ಮರ್ರಿಗೆ ಬರೆದ ಪತ್ರದಲ್ಲಿ ಟೋಲ್ಕಿನ್ ಅದನ್ನು ಕ್ಯಾಥೊಲಿಕ್ ಕೃತಿಯೆಂದೇ ಕರೆದರು. ಧರ್ಮ ಕಥೆಯಲ್ಲೇ ಕರಗಿರುವುದರಿಂದ ಆಚರಣೆಗಳನ್ನು ಕೈಬಿಟ್ಟೆ ಎಂಬುದು ಅವರ ವಿವರಣೆ.

ಕರಗಿರುವುದು ಎಲ್ಲಿ ಎಂಬುದಕ್ಕೆ ಕಾದಂಬರಿಯ ಕೊನೆಯ ಘಟ್ಟವೇ ಉತ್ತರ. ಲೋಕಕ್ಕೆ ಕೇಡಾದ ಉಂಗುರವನ್ನು ಬೆಂಕಿಗೆಸೆಯಲು ಅಷ್ಟು ದೂರ ನಡೆದುಬಂದ ನಾಯಕ ಫ್ರೋಡೊ, ಜ್ವಾಲಾಮುಖಿಯ ಅಂಚಿನಲ್ಲಿ ಸೋಲುತ್ತಾನೆ. ಉಂಗುರ ತನ್ನದೆಂದು ಬೆರಳಿಗೇರಿಸುತ್ತಾನೆ. ಆ ಬೆರಳನ್ನು ಕಚ್ಚಿ ಉಂಗುರ ಕಿತ್ತುಕೊಂಡ, ಅದರ ಹಿಂದಿನ ಒಡೆಯ ಗಾಲಮ್, ಕಾಲುಜಾರಿ ಬೆಂಕಿಗೆ ಬೀಳುತ್ತಾನೆ. ಗಾಲಮ್ ಅಲ್ಲಿಯವರೆಗೆ ಬದುಕಿದ್ದೇ ಮೊದಲು ಫ್ರೋಡೊನ ಹಿರಿಯ ಬಂಧು ಬಿಲ್ಬೊ, ಆಮೇಲೆ ಫ್ರೋಡೊ ಅವನನ್ನು ಕೊಲ್ಲದೆ ಕನಿಕರಿಸಿದ್ದರಿಂದ. ಲೋಕ ಉಳಿದದ್ದು ನಾಯಕನ ಶೌರ್ಯದಿಂದಲ್ಲ, ಎಂದೋ ತೋರಿದ ಕರುಣೆಯಿಂದ. ಕೃಪೆಯ ಕುರಿತ ಕ್ರೈಸ್ತ ತಿಳಿವಳಿಕೆಯನ್ನು ಇಷ್ಟು ಆಳವಾಗಿ ಕಥೆಯಾಗಿಸಿದ ಇನ್ನೊಂದು ಫ್ಯಾಂಟಸಿ ನನಗೆ ಕಾಣದು. ಉಂಗುರ ನಾಶವಾಗುವ ದಿನ ಮಾರ್ಚ್ 25. ಕ್ರೈಸ್ತರಿಗೆ ಅದು ಮರಿಯಳಿಗೆ ದೇವದೂತ ಮಂಗಳವಾರ್ತೆ ತಂದ ದಿನ. ಹಳೆಯ ಸಂಪ್ರದಾಯವೊಂದರಲ್ಲಿ ಯೇಸು ಶಿಲುಬೆಗೇರಿದ ದಿನವೂ ಹೌದು.

ಲೂಯಿಸ್: ಸಿಂಹವಾಗಿ ಬಂದ ಕ್ರಿಸ್ತ

‘ನಾರ್ನಿಯಾ’ದ ಏಳು ಪುಸ್ತಕಗಳಲ್ಲಿ (1950–56) ಧರ್ಮ ಮೇಲೆಯೇ ಕಾಣುತ್ತದೆ. ದ್ರೋಹ ಬಗೆದ ಎಡ್ಮಂಡ್ ಎಂಬ ಹುಡುಗನ ಬದಲು ಆಸ್ಲಾನ್ ಎಂಬ ಸಿಂಹ ಕಲ್ಲುಪೀಠದ ಮೇಲೆ ಪ್ರಾಣ ಕೊಡುತ್ತದೆ, ಬೆಳಗಾಗುವಾಗ ಎದ್ದು ಬರುತ್ತದೆ. ಇದು ರೂಪಕವಲ್ಲ ಎನ್ನುತ್ತಿದ್ದರು ಲೂಯಿಸ್: ನಾರ್ನಿಯಾದಂಥ ಲೋಕವಿದ್ದು, ದೇವಕುಮಾರ ಅಲ್ಲಿಯೂ ಅವತರಿಸಿದ್ದರೆ ಏನಾಗುತ್ತಿತ್ತು ಎಂಬ ಊಹೆ. ಟೋಲ್ಕಿನ್‌ಗೆ ನಾರ್ನಿಯಾ ಹಿಡಿಸಲಿಲ್ಲ. ಆದರೂ ಸಾವಿಗೆ ಹೊರಟ ಆಸ್ಲಾನ್ ಜತೆ ಇಬ್ಬರು ಹುಡುಗಿಯರು ಇರುಳಲ್ಲಿ ನಡೆಯುವ ಭಾಗ ಬೈಬಲ್ ಓದದವರನ್ನೂ ಕಲಕುತ್ತದೆ. ಕೊನೆಯ ಪುಸ್ತಕದಲ್ಲಿ ಆ ಹುಡುಗಿಯರಲ್ಲಿ ಒಬ್ಬಳಾದ ಸೂಸನ್‌ಳನ್ನು ನಾರ್ನಿಯಾದಿಂದ ಹೊರಗಿಟ್ಟದ್ದು ಮಾತ್ರ ಕಥೆಯ ಮೇಲೆ ಉಪದೇಶ ಗೆದ್ದ ಜಾಗ.

ಪುಲ್‌ಮನ್: ಎದುರು ವಾದ

ನಾರ್ನಿಯಾವನ್ನು ಕಟುವಾಗಿ ಟೀಕಿಸಿದ ಫಿಲಿಪ್ ಪುಲ್‌ಮನ್ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ (1995–2000) ಬರೆದರು. ಇಲ್ಲಿ ಮಜಿಸ್ಟೀರಿಯಂ ಎಂಬ ಧರ್ಮಪೀಠವೇ ಖಳ. ಹವ್ವಳು ಹಣ್ಣು ತಿಂದದ್ದು ಪತನವಲ್ಲ, ಮನುಷ್ಯರು ಪ್ರಬುದ್ಧರಾದ ಗಳಿಗೆ ಎಂಬುದು ಪುಲ್‌ಮನ್ ನಿಲುವು. ಕಥೆಯ ನಾಯಕಿ ಲೈರಾಳೇ ಹೊಸ ಹವ್ವ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಅವರಿಗೆ ಆಧಾರ. ಧರ್ಮಪೀಠವನ್ನು ವಿರೋಧಿಸುವ ಈ ಕೃತಿಗೆ ಬೈಬಲ್ಲಿನ ನೆನಪು ಟೋಲ್ಕಿನ್ ಕಥೆಗಿಂತ ಹೆಚ್ಚು ಬೇಕು: ಏದೆನ್ ತೋಟದ ಕಥೆ ತಿಳಿಯದ ಓದುಗರಿಗೆ ಹವ್ವಳಂತೆ ಲೈರಾ ಮಾಡುವ ಆಯ್ಕೆಯ ತೂಕ ಅರ್ಧಕ್ಕರ್ಧ ತಪ್ಪಿಹೋಗುತ್ತದೆ.