ವೈರಸ್ಸಿಗೂ ಟೋಪಿ, ನಮಗೂ ಟೋಪಿ

2020ರ ಏಪ್ರಿಲ್ ಮೊದಲ ವಾರ. ತುಮಕೂರಲ್ಲಿ ಮನೆಯೊಳಗೇ ಕೂತಿದ್ದೆ. ಗುಬ್ಬಿಯಿಂದ ನಮ್ಮಕ್ಕ ಫೋನ್ ಮಾಡಿದ್ಲು. "ಸಾಬ್ರ ಗಾಡೀಲಿ ಹಣ್ಣು ತಗೋಬೇಡ ಕಣೋ, ಉಗುಳಿ ಕೊಡ್ತಾರಂತೆ, ಟಿವೀಲಿ ತೋರ್ಸಿದ್ರು." ಕುಣಿಗಲ್ ಕಡೆಯ ನಮ್ಮೂರ ಹೋಟೆಲಲ್ಲಿ ನಮಗೇ ಬೇರೆ ಲೋಟ ಇಟ್ಟಿದ್ದನ್ನ ಕಂಡು ಬೆಳೆದವಳು ಅವಳು. ಅವಳ ಬಾಯಲ್ಲೇ ಈ ಮಾತಾ ಅಂತ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಇದು ಐದಾರು ವರ್ಷದ ಹಿಂದಿನ ಚರಿತ್ರೆ. ನಾವು ಬರೆದಿಡದಿದ್ರೆ ಬೇರೆಯವರು ಬೇರೆ ಥರ ಬರೀತಾರೆ.

ನಮ್ಮ ಜಿಲ್ಲೆಯ ಮೊದಲ ಕೋವಿಡ್ ಸಾವು ಆಗಿದ್ದು 2020ರ ಮಾರ್ಚ್ 27ಕ್ಕೆ. ಜನ ಹೆದರಿದ್ದು ಸಹಜ. ಮೂರ್ನಾಲ್ಕು ದಿನಕ್ಕೆ ದೆಹಲಿಯ ನಿಜಾಮುದ್ದೀನ್ ಮರ್ಕಜ್ ಸುದ್ದಿ ಬಂತು. ಅಲ್ಲಿ ಜನ ಸೇರಿದ್ದು ನಿಜ, ಸೋಂಕು ಹರಡಿದ್ದೂ ನಿಜ. ಮುಚ್ಚಿದ ಜಾಗದಲ್ಲಿ ಗುಂಪು ಸೇರಿದರೆ ಯಾರಿಗಾದ್ರೂ ಹರಡುತ್ತೆ. ಟಿವಿ ಹೇಳಬೇಕಿದ್ದದ್ದು ಇಷ್ಟೇ. ಬದಲಿಗೆ 'ಕೊರೋನಾ ಜಿಹಾದ್' ಅಂದ್ರು. ವೈರಸ್ಸಿಗೆ ಟೋಪಿ ತೊಡಿಸಿದ್ರು, ನಮಗೆ ಟೋಪಿ ಹಾಕಿದ್ರು.

ಅಪಾಯ ಇರೋದು ಗುಂಪಿನಲ್ಲಲ್ಲ, ಹೆಸರಿನಲ್ಲಿ ಅಂತ ಜನ ಕಲಿತರು. ತಮ್ಮವರ ತಿಥಿಗೆ ಹೋಗೋಕೆ ಭಯವಿಲ್ಲ, ಹಣ್ಣಿನ ಗಾಡಿ ಕಂಡ್ರೆ ಭಯ. ಆ ಕಡೆ, ಟಿವೀಲಿ ಮಾನ ಹೋಗುತ್ತೆ ಅಂತ ಜ್ವರ ಬಂದವರೂ ಪರೀಕ್ಷೆಗೆ ಹೆದರಿದರು. ಎರಡೂ ಕಡೆ ಗೆದ್ದಿದ್ದು ವೈರಸ್ಸೇ.

ಆಗಸ್ಟ್ 21ಕ್ಕೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಕೇಸು ರದ್ದು ಮಾಡಿತು. ಇವರನ್ನು ಬಲಿಪಶು ಮಾಡಿದಂತಿದೆ ಎಂದಿತು, ಮಾಧ್ಯಮದ ಪ್ರಚಾರವನ್ನೂ ಟೀಕಿಸಿತು. 2021ರ ಜೂನ್‌ನಲ್ಲಿ, ಸುದ್ದಿವಾಹಿನಿಗಳು ತಾವೇ ಕಟ್ಟಿಕೊಂಡ ಎನ್‌ಬಿಎಸ್‌ಎ, ಈ ಪ್ರಸಾರಕ್ಕಾಗಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಹದಿನಾಲ್ಕು ತಿಂಗಳ ಮೇಲೆ! ಅಷ್ಟರಲ್ಲಿ ಎಷ್ಟು ಗಾಡಿ ನಿಂತವೋ.

ನಿಜವಾದ ಅಪಾಯ ಎಲ್ಲಿತ್ತು? 2021ರ ಮೇ 2-3ರಂದು ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ಜನ ಸತ್ತರು. ಮಾರನೇ ದಿನವೇ ಸಂಸದ ತೇಜಸ್ವಿ ಸೂರ್ಯ ಬೆಂಗಳೂರಿನ ವಾರ್ ರೂಮಿನಲ್ಲಿ ಮುಸ್ಲಿಂ ಕೆಲಸಗಾರರ ಹೆಸರು ಓದಿದರು. ಟಿವಿ ಹಿಡಿದಿದ್ದು ಆ ಹೆಸರುಗಳನ್ನ. ಸಿಲಿಂಡರಿನ ಲೆಕ್ಕ ಕೇಳಬೇಕಾದ ದಿನ ಅದು.

'ಮುಟ್ಟಬೇಡ, ದೂರ ನಿಲ್ಲು' ಅನ್ನೋ ಮಾತು ರೋಗದ ಹೆಸರಲ್ಲಿ ಬಂದರೂ ನಮಗೆ ಅದರ ವಾಸನೆ ತಿಳೀಬೇಕಿತ್ತು. ತಿಳೀಲಿಲ್ಲ. ಈ ಆತ್ಮವಿಮರ್ಶೆ ನಮ್ಮ ಕೇರಿಯಿಂದಲೇ ಶುರುವಾಗಲಿ.

ದಂಡದ ಸುದ್ದಿಯನ್ನ ಅಕ್ಕನಿಗೆ ಓದಿ ಹೇಳಿದೆ. ಸುಮ್ಮನಿದ್ದು ಅಂದ್ಲು: "ಇದನ್ನ ಟಿವೀಲಿ ನಾನು ನೋಡ್ಲೇ ಇಲ್ವಲ್ಲೋ."

ಜೈ ಭೀಮ್.