ಸರ್ಕಾರದ ಖರ್ಚು, ಖಾಲಿ ಹುದ್ದೆ: ಸಂಸತ್ತು ಲೆಕ್ಕ ಕೇಳುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

2023ರ ಮಾರ್ಚ್ 23. ಲೋಕಸಭೆಯಲ್ಲಿ ಗದ್ದಲವೋ ಗದ್ದಲ. ಆ ಗದ್ದಲದ ನಡುವೆಯೇ ಸುಮಾರು 45 ಲಕ್ಷ ಕೋಟಿ ರೂ. ಗಾತ್ರದ ಕೇಂದ್ರ ಬಜೆಟ್‌ಗೆ ಸಂಬಂಧಿಸಿದ ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳಿಗೆ ಧ್ವನಿಮತದ ಅಂಗೀಕಾರ ಸಿಕ್ಕಿತು. ಒಂದೇ ಒಂದು ಇಲಾಖೆಯ ಖರ್ಚಿನ ಬಗ್ಗೆಯೂ ಸದನದಲ್ಲಿ ಚರ್ಚೆ ನಡೆಯಲಿಲ್ಲ. 2018ರ ಮಾರ್ಚ್‌ನಲ್ಲೂ ಹೀಗೇ ಆಗಿತ್ತು.

ಹಾಗಾದರೆ ರೈಲ್ವೆ, ರಕ್ಷಣೆ, ಕೃಷಿ, ಅಂಚೆ ಇಲಾಖೆಗಳು ಎಷ್ಟು ಖರ್ಚು ಮಾಡುತ್ತವೆ, ಎಷ್ಟು ಹುದ್ದೆ ಖಾಲಿ ಇಟ್ಟುಕೊಂಡಿವೆ ಎಂದು ಕೇಳುವವರೇ ಇಲ್ಲವೇ? ಇದ್ದಾರೆ. ಆದರೆ ಆ ಕೆಲಸ ಬಹುಪಾಲು ನಡೆಯುವುದು ಟಿವಿಯಲ್ಲಿ ಕಾಣುವ ಸದನದಲ್ಲಲ್ಲ, ಸಂಸದೀಯ ಸಮಿತಿಗಳ ಮುಚ್ಚಿದ ಬಾಗಿಲ ಕೊಠಡಿಗಳಲ್ಲಿ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಅದರ ಶಕ್ತಿ ಎಷ್ಟು, ಮಿತಿ ಏನು ಎಂಬುದರ ವಿವರ ಇಲ್ಲಿದೆ.

ಅನುದಾನ ಬೇಡಿಕೆ ಎಂದರೇನು?

ಸಂವಿಧಾನದ 112ನೇ ವಿಧಿಯ ಪ್ರಕಾರ ಸರ್ಕಾರ ಪ್ರತಿ ವರ್ಷ ತನ್ನ ಆದಾಯ ಮತ್ತು ಖರ್ಚಿನ ಅಂದಾಜು ಪಟ್ಟಿಯನ್ನು ಸಂಸತ್ತಿನ ಮುಂದಿಡಬೇಕು. ನಾವು ಬಜೆಟ್ ಎಂದು ಕರೆಯುವುದು ಇದನ್ನೇ. 113ನೇ ವಿಧಿಯಂತೆ ಖರ್ಚಿನ ಭಾಗ ಇಲಾಖಾವಾರು 'ಅನುದಾನ ಬೇಡಿಕೆ'ಗಳ ರೂಪದಲ್ಲಿ ಲೋಕಸಭೆಗೆ ಬರುತ್ತದೆ. ಅದನ್ನು ಒಪ್ಪುವ, ತಿರಸ್ಕರಿಸುವ ಅಥವಾ ಕಡಿತ ಮಾಡುವ ಅಧಿಕಾರ ಲೋಕಸಭೆಗಿದೆ. ಹೆಚ್ಚಿಸುವ ಅಧಿಕಾರ ಇಲ್ಲ. ಬೇಡಿಕೆಗಳು ಅಂಗೀಕಾರವಾದ ಮೇಲೆ 114ನೇ ವಿಧಿಯಂತೆ ಧನವಿನಿಯೋಗ ಮಸೂದೆ ಪಾಸಾಗಬೇಕು. ಅದಾಗದೆ ದೇಶದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ.

ಎಲ್ಲ ಖರ್ಚೂ ಮತಕ್ಕೆ ಬರುವುದಿಲ್ಲ ಎಂಬುದು ಗಮನಿಸಬೇಕಾದ ಅಂಶ. ಸರ್ಕಾರದ ಸಾಲದ ಬಡ್ಡಿ, ರಾಷ್ಟ್ರಪತಿಗಳ ವೇತನ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ವೇತನದಂಥ ಖರ್ಚುಗಳನ್ನು ಸದನ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ರಾಜ್ಯಸಭೆಗೆ ಅನುದಾನ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕೂ ಇಲ್ಲ.

ಏನಿದು 'ಗಿಲೋಟಿನ್'?

ಬೇಡಿಕೆಗಳ ಸಂಖ್ಯೆ ನೂರರ ಆಸುಪಾಸಿನಲ್ಲಿರುತ್ತದೆ. ಎಲ್ಲವನ್ನೂ ಚರ್ಚಿಸಲು ಸಮಯ ಇರುವುದಿಲ್ಲ. ಹಾಗಾಗಿ ಪ್ರತಿ ವರ್ಷ ಕೆಲವೇ ಸಚಿವಾಲಯಗಳನ್ನು ಚರ್ಚೆಗೆ ಆಯ್ದುಕೊಳ್ಳಲಾಗುತ್ತದೆ. ನಿಗದಿಯಾದ ಕೊನೆಯ ದಿನ, ನಿಗದಿಯಾದ ಗಂಟೆಗೆ ಸ್ಪೀಕರ್ ಉಳಿದ ಎಲ್ಲ ಬೇಡಿಕೆಗಳನ್ನು ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದಕ್ಕೇ ಗಿಲೋಟಿನ್ ಎಂಬ ಹೆಸರು. ಇದು ನಿಯಮದಲ್ಲೇ ಇರುವ ಕ್ರಮ, ಯಾವುದೋ ಒಂದು ಪಕ್ಷ ಹುಟ್ಟುಹಾಕಿದ್ದಲ್ಲ. ಗದ್ದಲದಿಂದ ಚರ್ಚೆಯ ದಿನಗಳೇ ಕೊಚ್ಚಿಹೋದಾಗ ಮಾತ್ರ ಎಲ್ಲ ಬೇಡಿಕೆಗಳೂ ಗಿಲೋಟಿನ್‌ಗೆ ಸಿಲುಕುತ್ತವೆ.

ಸದಸ್ಯರ ಕೈಯಲ್ಲಿ 'ಕಡಿತ ಸೂಚನೆ' ಎಂಬ ಅಸ್ತ್ರವೂ ಇದೆ. ಇದರಲ್ಲಿ ಮೂರು ಬಗೆ:

1. ಇಲಾಖೆಯ ನೀತಿಯನ್ನೇ ವಿರೋಧಿಸಿ, ಬೇಡಿಕೆಯ ಮೊತ್ತವನ್ನು 1 ರೂ.ಗೆ ಇಳಿಸಿ ಎನ್ನುವುದು.
2. ಮಿತವ್ಯಯಕ್ಕಾಗಿ ನಿರ್ದಿಷ್ಟ ಮೊತ್ತ ಕಡಿತ ಮಾಡಿ ಎನ್ನುವುದು.
3. ಒಂದು ನಿರ್ದಿಷ್ಟ ಕುಂದುಕೊರತೆಯತ್ತ ಗಮನ ಸೆಳೆಯಲು ಸಾಂಕೇತಿಕವಾಗಿ 100 ರೂ. ಕಡಿತ ಮಾಡಿ ಎನ್ನುವುದು.

ಕಡಿತ ಸೂಚನೆ ಅಂಗೀಕಾರವಾದರೆ ಅದು ಸರ್ಕಾರಕ್ಕೆ ಸದನದಲ್ಲಿ ಆದ ಸೋಲು. ಆದ್ದರಿಂದ ಬಹುಮತವಿರುವ ಸರ್ಕಾರ ಅದಕ್ಕೆ ಅವಕಾಶ ಕೊಡುವುದಿಲ್ಲ.

24 ಸ್ಥಾಯಿ ಸಮಿತಿಗಳು

ಸದನಕ್ಕೆ ಸಮಯ ಸಾಲದು ಎಂಬ ಕಾರಣಕ್ಕೇ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿಕೊಂಡವು. ಮೊದಲು 17 ಇದ್ದವು, 2004ರಲ್ಲಿ 24ಕ್ಕೆ ಏರಿದವು. ಒಂದೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರು ಸದಸ್ಯರಾಗುವಂತಿಲ್ಲ. ಎಲ್ಲ ಕೇಂದ್ರ ಸಚಿವಾಲಯಗಳೂ ಈ 24ರಲ್ಲಿ ಒಂದಲ್ಲ ಒಂದು ಸಮಿತಿಯ ವ್ಯಾಪ್ತಿಗೆ ಬರುತ್ತವೆ.

ಫೆಬ್ರವರಿ 1ರಂದು ಬಜೆಟ್ ಮಂಡನೆಯಾದ ಬಳಿಕ ಅಧಿವೇಶನಕ್ಕೆ ಕೆಲವು ವಾರಗಳ ಬಿಡುವು ಕೊಡುತ್ತಾರಲ್ಲ, ಅದು ರಜೆಯಲ್ಲ. ಈ ಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸುವುದು ಆಗಲೇ. ಇಲಾಖೆಗೆ ಪ್ರಶ್ನಾವಳಿ ಹೋಗುತ್ತದೆ, ಕಾರ್ಯದರ್ಶಿ ಮತ್ತು ಹಿರಿಯ ಅಧಿಕಾರಿಗಳು ಬಂದು ಉತ್ತರಿಸಬೇಕಾಗುತ್ತದೆ. ಕಳೆದ ವರ್ಷ ಕೊಟ್ಟ ಹಣ ಏನಾಯಿತು, ಯಾವ ಯೋಜನೆ ಕುಂಟುತ್ತಿದೆ, ಎಷ್ಟು ಹುದ್ದೆ ಖಾಲಿ ಇವೆ, ನೇಮಕಾತಿ ಎಲ್ಲಿಗೆ ಬಂತು ಎಂಬ ಪ್ರಶ್ನೆಗಳು ಇಲ್ಲಿ ಏಳುತ್ತವೆ. ಸಭೆಗೆ ಕ್ಯಾಮೆರಾ ಇಲ್ಲ. ಹಾಗಾಗಿ ಸದನದಲ್ಲಿ ಕಾದಾಡುವ ಪಕ್ಷಗಳ ಸದಸ್ಯರು ಇಲ್ಲಿ ಒಟ್ಟಿಗೆ ಕುಳಿತು ಲೆಕ್ಕ ನೋಡುವುದು ಸಾಧ್ಯವಾಗುತ್ತದೆ.

ಒಂದು ಉದಾಹರಣೆ: ವಾಪಸ್ ಹೋದ 44 ಸಾವಿರ ಕೋಟಿ

2023ರ ಮಾರ್ಚ್‌ನಲ್ಲಿ ಕೃಷಿ ಸ್ಥಾಯಿ ಸಮಿತಿ ನೀಡಿದ ವರದಿಯನ್ನೇ ನೋಡಿ. ಆಗ ಅದರ ಅಧ್ಯಕ್ಷರಾಗಿದ್ದವರು ಬಾಗಲಕೋಟೆಯ ಬಿಜೆಪಿ ಸಂಸದ ಪಿ.ಸಿ. ಗದ್ದಿಗೌಡರ. ಕೇಂದ್ರ ಕೃಷಿ ಇಲಾಖೆ ತನಗೆ ಸಿಕ್ಕ ಹಣದಲ್ಲಿ 2020-21ರಲ್ಲಿ 23,824.54 ಕೋಟಿ ರೂ., 2021-22ರಲ್ಲಿ 429.22 ಕೋಟಿ ರೂ., 2022-23ರಲ್ಲಿ 19,762.05 ಕೋಟಿ ರೂ. ಖರ್ಚು ಮಾಡದೆ ವಾಪಸ್ ಮಾಡಿದೆ ಎಂದು ವರದಿ ಹೇಳಿತು. ಒಟ್ಟು 44,015.81 ಕೋಟಿ ರೂ.

ಈಶಾನ್ಯ ರಾಜ್ಯಗಳು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡಗಳಿಗೆಂದು ಮೀಸಲಿಟ್ಟ ಬಾಬ್ತಿನಲ್ಲಿ ಅಷ್ಟು ಹಣದ ಅಗತ್ಯ ಬೀಳಲಿಲ್ಲ ಎಂಬುದು ಇಲಾಖೆ ಕೊಟ್ಟ ಮುಖ್ಯ ಕಾರಣ. ಈ ಪರಿಪಾಠ ನಿಲ್ಲಬೇಕು, ಕಾರಣ ಪತ್ತೆ ಹಚ್ಚಿ ಹಣ ಪೂರ್ತಿ ಬಳಕೆಯಾಗುವಂತೆ ನೋಡಿಕೊಳ್ಳಬೇಕು ಎಂದು ಸಮಿತಿ ತಾಕೀತು ಮಾಡಿತು.

ಇಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ಆಡಳಿತ ಪಕ್ಷದವರೇ ಅಧ್ಯಕ್ಷರಾಗಿದ್ದ ಸಮಿತಿ ತಮ್ಮದೇ ಸರ್ಕಾರದ ಇಲಾಖೆಯ ಲೋಪವನ್ನು ಅಂಕಿ ಸಮೇತ ದಾಖಲಿಸಿತು. ಎರಡನೆಯದು, ಬಜೆಟ್ ಭಾಷಣದಲ್ಲಿ ಘೋಷಣೆಯಾದ ಹಣವೇ ಬೇರೆ, ಜನರನ್ನು ತಲುಪಿದ ಹಣವೇ ಬೇರೆ ಎಂಬುದು ಗೊತ್ತಾಗುವುದು ಇಂಥ ವರದಿಯಿಂದ.

ಮಾರ್ಚ್ 31ಕ್ಕೆ ಖರ್ಚಾಗದ ಹಣದ ಮಂಜೂರಾತಿ ರದ್ದಾಗುತ್ತದೆ. ಅದಕ್ಕೇ ವರ್ಷದ ಕೊನೆಯಲ್ಲಿ ಇಲಾಖೆಗಳು ಖರ್ಚಿಗೆ ಮುಗಿಬೀಳುತ್ತವೆ. ಇದನ್ನು ತಡೆಯಲು ಕೊನೆಯ ತ್ರೈಮಾಸಿಕದಲ್ಲಿ ಬಜೆಟ್‌ನ ಶೇ. 33ಕ್ಕಿಂತ, ಮಾರ್ಚ್ ಒಂದೇ ತಿಂಗಳಲ್ಲಿ ಶೇ. 15ಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಎಂಬ ಮಿತಿಯನ್ನು ಹಣಕಾಸು ಸಚಿವಾಲಯ ಇಟ್ಟಿದೆ.

ಖಾಲಿ ಹುದ್ದೆಗಳ ಲೆಕ್ಕ ಹೊರಬಂದದ್ದು ಹೇಗೆ?

ಸಿಬ್ಬಂದಿಯ ವಿಷಯದಲ್ಲಿ ಸಂಸದರ ಪ್ರಶ್ನೆಗಳೇ ದೊಡ್ಡ ಆಧಾರ. ಕೇಂದ್ರ ಸರ್ಕಾರದಲ್ಲಿ 2020ರ ಮಾರ್ಚ್ 1ಕ್ಕೆ 8.72 ಲಕ್ಷ ಹುದ್ದೆ ಖಾಲಿ ಇದ್ದವು. 2021ರ ಮಾರ್ಚ್ 1ಕ್ಕೆ ಅದು 9.79 ಲಕ್ಷಕ್ಕೆ ಏರಿತು ಎಂಬುದು ಸಂಸದರು ಕೇಳಿದ ಪ್ರಶ್ನೆಗಳಿಗೆ ಸರ್ಕಾರ ಕೊಟ್ಟ ಲಿಖಿತ ಉತ್ತರಗಳಲ್ಲಿದೆ. ಆಗ ಮಂಜೂರಾಗಿದ್ದ ಒಟ್ಟು ಹುದ್ದೆಗಳು 40.35 ಲಕ್ಷ. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕುರ್ಚಿ ಖಾಲಿ. ರೈಲ್ವೆಯಲ್ಲಿ 2.93 ಲಕ್ಷ, ರಕ್ಷಣಾ ಇಲಾಖೆಯ ನಾಗರಿಕ ವಿಭಾಗದಲ್ಲಿ 2.64 ಲಕ್ಷ, ಗೃಹ ಇಲಾಖೆಯಲ್ಲಿ 1.43 ಲಕ್ಷ ಹುದ್ದೆಗಳು ತುಂಬಿರಲಿಲ್ಲ.

2022ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಒಂದೂವರೆ ವರ್ಷದಲ್ಲಿ 10 ಲಕ್ಷ ಮಂದಿಯನ್ನು ನೇಮಿಸಿಕೊಳ್ಳುವಂತೆ ಇಲಾಖೆಗಳಿಗೆ ಸೂಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೋಜ್‌ಗಾರ್ ಮೇಳಗಳು ಶುರುವಾದವು.

ಹಿರಿಯ ಅಧಿಕಾರಿಗಳ ಕೊರತೆಯೂ ಸಮಿತಿಗಳ ಕಣ್ಣಿಗೆ ಬಿದ್ದಿದೆ. ಸುಶೀಲ್ ಕುಮಾರ್ ಮೋದಿ ಅಧ್ಯಕ್ಷತೆಯ ಸಿಬ್ಬಂದಿ ಹಾಗೂ ಕಾನೂನು ಸ್ಥಾಯಿ ಸಮಿತಿ, ದೇಶದಲ್ಲಿ 1,500ಕ್ಕೂ ಹೆಚ್ಚು ಐಎಎಸ್ ಅಧಿಕಾರಿಗಳ ಕೊರತೆ ಇದೆ ಎಂದು 2022ರಲ್ಲಿ ಹೇಳಿತ್ತು.

ಖಾಲಿ ಹುದ್ದೆ ಮತ್ತು ಖರ್ಚಾಗದ ಹಣ ಬೇರೆ ಬೇರೆ ಸಮಸ್ಯೆ ಎಂದು ತೋರಬಹುದು. ಹಾಗಲ್ಲ. ಯೋಜನೆ ಜಾರಿ ಮಾಡುವ ಸಿಬ್ಬಂದಿ ಇಲ್ಲದಿದ್ದರೆ ಮಂಜೂರಾದ ಹಣವೂ ಕಡತದಲ್ಲೇ ಉಳಿಯುತ್ತದೆ. ಇತ್ತ ಇರುವ ಸಿಬ್ಬಂದಿಯ ಮೇಲೆ ಇಬ್ಬರ ಕೆಲಸ ಬೀಳುತ್ತದೆ. ಹೊರಗುತ್ತಿಗೆಯಲ್ಲಿ ದುಡಿಯುವವರು ಮಂಜೂರಾದ ಹುದ್ದೆಗಳ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆದ್ದರಿಂದ ವೇತನ ವೆಚ್ಚ ಕಡಿಮೆ ಆಯಿತು ಎಂದ ಮಾತ್ರಕ್ಕೆ ಅದನ್ನು ಉಳಿತಾಯ ಎನ್ನಲಾಗದು.

ಖರ್ಚಾದ ಮೇಲೆ: ಸಿಎಜಿ ಮತ್ತು ಪಿಎಸಿ

ಸ್ಥಾಯಿ ಸಮಿತಿ ಖರ್ಚಿಗೆ ಮುಂಚೆ ನೋಡಿದರೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದರೆ ಪಿಎಸಿ, ಖರ್ಚಾದ ಮೇಲೆ ನೋಡುತ್ತದೆ. ಸಂವಿಧಾನದ 148ನೇ ವಿಧಿಯಡಿ ನೇಮಕವಾಗುವ ಮಹಾಲೇಖಪಾಲರು, ಅಂದರೆ ಸಿಎಜಿ, ಲೆಕ್ಕ ತಪಾಸಣೆ ಮಾಡಿ ಕೊಡುವ ವರದಿಗಳೇ ಇದಕ್ಕೆ ಆಧಾರ.

ಬ್ರಿಟಿಷರ ಕಾಲದಲ್ಲೇ, 1921ರಲ್ಲಿ ಶುರುವಾದ ಸಮಿತಿ ಇದು. ಈಗ 22 ಸದಸ್ಯರು: ಲೋಕಸಭೆಯ 15, ರಾಜ್ಯಸಭೆಯ 7. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯ ನಡೆದುಬಂದಿದೆ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ 2017ರಿಂದ 2019ರವರೆಗೆ ಈ ಸ್ಥಾನದಲ್ಲಿದ್ದರು. ಮಂಜೂರಾತಿ ಮೀರಿ ಖರ್ಚು ಮಾಡಿದ ಇಲಾಖೆ ಪಿಎಸಿ ಮುಂದೆ ಕಾರಣ ಹೇಳಬೇಕು. ಆ ಮೇಲೆಯೇ 115ನೇ ವಿಧಿಯಡಿ ಹೆಚ್ಚುವರಿ ಖರ್ಚಿಗೆ ಸದನ ಒಪ್ಪಿಗೆ ಕೊಡಬೇಕು.

ಇದರ ಜತೆಗೆ ಲೋಕಸಭೆಯ 30 ಸದಸ್ಯರ ಅಂದಾಜು ಸಮಿತಿ, ಸರ್ಕಾರಿ ಕಂಪನಿಗಳ ಲೆಕ್ಕ ನೋಡುವ 22 ಸದಸ್ಯರ ಸಾರ್ವಜನಿಕ ಉದ್ಯಮಗಳ ಸಮಿತಿಯೂ ಇವೆ.

ಮಿತಿ ಎಲ್ಲಿದೆ?

ಸಮಿತಿಗಳ ಶಿಫಾರಸು ಸರ್ಕಾರಕ್ಕೆ ಆದೇಶವಲ್ಲ. ಶಿಫಾರಸಿನ ಮೇಲೆ ಏನು ಮಾಡಿದ್ದೀರಿ ಎಂದು ಇಲಾಖೆ ಮೂರು ತಿಂಗಳೊಳಗೆ ಉತ್ತರಿಸಬೇಕು. ಸಮಿತಿ ಅದನ್ನು ಪರಿಶೀಲಿಸಿ ಇನ್ನೊಂದು ವರದಿ ಕೊಡುತ್ತದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದರೆ ಸಮಿತಿ ಮತ್ತೆ ಬರೆಯಬಹುದು, ದಂಡ ಹಾಕಲಾರದು. ಸಚಿವರನ್ನು ಸಾಕ್ಷಿಯಾಗಿ ಕರೆಸುವ ಪದ್ಧತಿಯೂ ಇಲ್ಲ.

ಚುನಾವಣಾ ವರ್ಷದಲ್ಲಿ ಈ ಸರಪಳಿಯೇ ತುಂಡಾಗುತ್ತದೆ. 2024ರಲ್ಲಿ ಪೂರ್ಣ ಬಜೆಟ್ ಜುಲೈ 23ರಂದು ಮಂಡನೆಯಾಗಿ ಆಗಸ್ಟ್‌ನಲ್ಲಿ ಅಂಗೀಕಾರವಾಯಿತು. ಆದರೆ ಹೊಸ ಸ್ಥಾಯಿ ಸಮಿತಿಗಳು ರಚನೆಯಾದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅಂದರೆ ಆ ವರ್ಷ ಸದನ ಮತ ಹಾಕುವ ಮುನ್ನ ಸಮಿತಿಗಳ ಪರಿಶೀಲನೆ ನಡೆಯಲೇ ಇಲ್ಲ.

ನೀವು ಹೇಗೆ ನೋಡಬಹುದು?

ಸಭೆಗಳು ಗುಟ್ಟಾಗಿ ನಡೆದರೂ ವರದಿಗಳು ಬಹಿರಂಗವಾಗಿ ಸಿಗುತ್ತವೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲೇ ಇರಲಿ, ಕೇಂದ್ರ ಸರ್ಕಾರಿ ನೇಮಕಾತಿಗೆ ಕಾಯುತ್ತಿರುವವರಿಗೆ, ರೈಲ್ವೆ, ಅಂಚೆ ಇಲಾಖೆಯಲ್ಲಿ ಕೆಲಸ ಮಾಡುವವರಿಗೆ ಇವು ಉಪಯುಕ್ತ.

* ಸಂಸತ್ತಿನ ಜಾಲತಾಣದ ಸಮಿತಿಗಳ ವಿಭಾಗದಲ್ಲಿ ಪ್ರತಿ ಸಚಿವಾಲಯದ ಅನುದಾನ ಬೇಡಿಕೆ ಕುರಿತ ವರದಿ ಇರುತ್ತದೆ.
* ಅದೇ ತಾಣದ ಪ್ರಶ್ನೋತ್ತರ ವಿಭಾಗದಲ್ಲಿ ಇಲಾಖೆಯ ಹೆಸರು ಕೊಟ್ಟು ಖಾಲಿ ಹುದ್ದೆಗಳ ಕುರಿತ ಉತ್ತರಗಳನ್ನು ಹುಡುಕಬಹುದು.
* ಕೇಂದ್ರ ಬಜೆಟ್ ದಾಖಲೆಗಳಲ್ಲಿ ಪ್ರತಿ ಇಲಾಖೆಯ ಸಿಬ್ಬಂದಿ ಸಂಖ್ಯೆ ಮತ್ತು ವೇತನಕ್ಕೆ ಇಟ್ಟ ಹಣದ ಪಟ್ಟಿಯೂ ಇರುತ್ತದೆ.
* ಅಲ್ಲಿ ಸಿಗದ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.
* ನೀವು ಮತ ಹಾಕುವ ಕ್ಷೇತ್ರದ ಸಂಸದರು ಯಾವ ಸಮಿತಿಯಲ್ಲಿದ್ದಾರೆ ಎಂದು ತಿಳಿದುಕೊಳ್ಳಿ. ಆ ಸಮಿತಿಯ ವ್ಯಾಪ್ತಿಯ ಸಮಸ್ಯೆ ಇದ್ದರೆ ಅಂಕಿಅಂಶ ಸಹಿತ ಅವರಿಗೆ ಬರೆಯಿರಿ.

ಬಜೆಟ್ ದಿನ ಯಾವುದು ಅಗ್ಗ, ಯಾವುದು ದುಬಾರಿ ಎಂದು ಎಲ್ಲರೂ ನೋಡುತ್ತೇವೆ. ಕೊಟ್ಟ ಹಣ ಖರ್ಚಾಯಿತೇ, ಮಂಜೂರಾದ ಹುದ್ದೆಗೆ ಜನ ಬಂದರೇ ಎಂಬ ಉತ್ತರ ಸಿಗುವುದು ಮಾರ್ಚ್‌ನಲ್ಲಿ ಸದ್ದಿಲ್ಲದೆ ಹೊರಬರುವ ಈ ಸಮಿತಿ ವರದಿಗಳಲ್ಲಿ. ಸಮಿತಿಗೆ ದಂಡ ಹಾಕುವ ಅಧಿಕಾರ ಇಲ್ಲದಿರಬಹುದು. ಆದರೆ ವರದಿಯನ್ನು ಓದಿ ಪ್ರಶ್ನೆ ಕೇಳುವ ಜನ ಹೆಚ್ಚಿದಷ್ಟೂ 'ಪರಿಶೀಲನೆಯಲ್ಲಿದೆ' ಎಂದು ಬರೆದು ಕೈತೊಳೆದುಕೊಳ್ಳುವುದು ಇಲಾಖೆಗಳಿಗೆ ಕಷ್ಟವಾಗುತ್ತದೆ.